ಎಪ್ಪತ್ತಾರಕ್ಕೆ ನಿಂತ ಮುಳ್ಳು

ಗೋದಾವರಿ: ಇನ್ನು ನಂಗೆ ಬೇಡ. ಇದನ್ನ ತಗಂಡೋಗಿ ಹುಲ್ಲಿನ ಅಟ್ಟದ ಮೇಲೆ ಒಗೀರಿ.

ಜಟ್ಟಪ್ಪ: ಎಂತಾ ಆಯ್ತೀಗ?

ಗೋದಾವರಿ: ಎಂತಾ ಆಗುದು. ಎಪ್ಪತ್ತಾರು.

ಜಟ್ಟಪ್ಪ: ನಿನ್ನೆ ಎಷ್ಟಿತ್ತು?

ಗೋದಾವರಿ: ನಿನ್ನೆ ಎಪ್ಪತ್ತಾರು. ಮೊನ್ನೆ ಎಪ್ಪತ್ತಾರು. ಹೋದ ಅಮಾಸೆಗೂ ಎಪ್ಪತ್ತಾರು.

ಜಟ್ಟಪ್ಪ: ಹೆಚ್ಚಾಗ್ಲಿಲ್ಲ ಅಲಾ. ಅದು ಒಳ್ಳೇದೇ.

ಗೋದಾವರಿ: ಹೆಚ್ಚಾಗದೇ ಇರ್ಲಿ ಅಂತ ಗಂಜಿ ಕುಡಿದ್ನಾ ನಾ? ಹೆಚ್ಚಾಗದೇ ಇರುಕೆ ಸುಮ್ನೆ ಕೂತಿದ್ರೂ ಆಗ್ತಿತ್ತು.

ಭಾವಿಕೇರಿಯ ಆ ಮನೆಯ ಜಗಲಿಯಲ್ಲಿ ಈಚೆಗೆ ಬೆಳಗಾಗುವುದೇ ಹೀಗೆ. ಗೋದಾವರಿಯ ಮೊಣಕಾಲು ಸವೆದಿದೆ, ತೂಕ ಇಳಿಸದಿದ್ದರೆ ಮುಂದೆ ಆಪರೇಷನ್ನೇ ಗತಿ ಎಂದು ಅಂಕೋಲೆಯ ಡಾಕ್ಟರು ಹೇಳಿ ಕಳಿಸಿದ ಮೇಲೆ, ಅವಳು ಅದೇ ದಿನ ಪೇಟೆಯಿಂದ ಮುಳ್ಳಿನ ತೂಕದ ಮಿಷನ್ನೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಸಾರಿಗೆ ಕಾಯಿ ಕಡಿಮೆ ಮಾಡಿದಳು, ಸಕ್ಕರೆ ಬಿಟ್ಟಳು, ಬೆಳಕು ಹರಿಯುವ ಮೊದಲೇ ಕಡಲ ದಂಡೆಯವರೆಗೆ ನಡೆದು ಬರತೊಡಗಿದಳು. ಮೊದಮೊದಲು ಮುಳ್ಳು, ಹೇಳಿದ ಮಾತು ಕೇಳುವ ಕರುವಿನ ಹಾಗೆ, ಹಿಂದೆ ಹಿಂದೆ ಸರಿಯಿತು. ಎಪ್ಪತ್ತಾರಕ್ಕೆ ಬಂದದ್ದೇ ತಡ, ಕಾಲೂರಿ ನಿಂತಿತು.

ಜಟ್ಟಪ್ಪನಿಗೆ ಮಿಷನ್ನಿನ ಚಿಂತೆಯಿರಲಿಲ್ಲ. ಅವನಿಗಿದ್ದದ್ದು ಆಪರೇಷನ್ನಿನ ಹೆದರಿಕೆ. ಎರಡು ಎಮ್ಮೆ, ಒಂದಿಷ್ಟು ಗದ್ದೆ, ಬೇಸಿಗೆಯ ಶೇಂಗಾ ಬೆಳೆ ಇಷ್ಟರಲ್ಲೇ ಬದುಕು ಸಾಗಿಸಿದ ಅವನು ಹೆಂಡತಿಯ ಮೊಣಕಾಲನ್ನು ಯಾರೋ ಕೊಯ್ಯುತ್ತಾರೆಂದು ನೆನೆದರೇ ಊಟ ಬಿಡುತ್ತಿದ್ದ. ಆದರೆ ಅದನ್ನು ಹೆಂಡತಿಯ ಎದುರು ಹೇಳಿಕೊಳ್ಳುವ ಪೈಕಿಯವನಲ್ಲ. ಇವಳು ಈಗ ಬೇಸರಪಟ್ಟು ನಡೆಯುವುದನ್ನು ಬಿಟ್ಟರೆ ಎಲ್ಲ ಮಣ್ಣುಪಾಲು ಎಂದು ಅವನ ಮನಸ್ಸು ಹೊಡೆದುಕೊಂಡಿತು.

ಆ ಸಂಜೆ ಎಮ್ಮೆ ಕರೆದು ಬಂದವನು, ಗೋದಾವರಿ ಒಳಗಿರುವುದನ್ನು ಖಾತ್ರಿ ಮಾಡಿಕೊಂಡು, ಜಗಲಿಯಲ್ಲಿ ಕೂರುವ ಬಾಂಕಿನ ಕೆಳಗಿದ್ದ ಮಿಷನ್ನನ್ನು ಈಚೆ ಎಳೆದ. ಅದರ ಅಂಚಿನಲ್ಲಿ ಸಣ್ಣ ಗಾಲಿಯಂಥ ತಿರುಪೊಂದಿತ್ತು. ಒಂದು ಬದಿಗೆ ತಿರುಗಿಸಿದ. ಮುಳ್ಳು ಸೊನ್ನೆ ಬಿಟ್ಟು ಎರಡು ಕೇಜಿ ಹಿಂದೆ ಹೋಗಿ ಕೂತಿತು. ನಾಳೆ ಬೆಳಿಗ್ಗೆ ಎಪ್ಪತ್ನಾಲ್ಕು ಕಂಡು ಅವಳ ಮುಖ ಅರಳುವುದನ್ನು ನೆನೆದುಕೊಂಡೇ ಮಲಗಿದ.

ಬೆಳಿಗ್ಗೆ ಅವನೇ ಮೊದಲು ಕೇಳಿದ.

ಜಟ್ಟಪ್ಪ: ಎಷ್ಟು ತೋರಿಸ್ತದೆ?

ಗೋದಾವರಿ: ಎಪ್ಪತ್ತಾರು.

ಜಟ್ಟಪ್ಪ: ಸರಿ ಕಾಣು. ಅಷ್ಟು ಇರುಕೆ ಸಾಧ್ಯವೇ ಇಲ್ಲ.

ಗೋದಾವರಿ: ನಿಮ್ಗೆ ಹ್ಯಾಂಗೆ ಗೊತ್ತು ಸಾಧ್ಯ ಇಲ್ಲ ಅಂತ?

ಜಟ್ಟಪ್ಪ: ಅಲ್ಲಾ, ಅಂದಾಜು ಹೇಳ್ದೆ. ನಿನ್ನೆ ಎಲ್ಲಾದ್ರೂ ಎಂತಾದ್ರೂ ತಿಂದ್ಯಾ?

ಗೋದಾವರಿ: ಎಂತಾ ತಿನ್ನುದು?

ಜಟ್ಟಪ್ಪ: ಎರಡು ಕೇಜಿ ಆಗುವಂಥದ್ದು.

ಗೋದಾವರಿ: ಎರಡು ಕೇಜಿ ಎಂತಕ್ಕೆ ಬಂತು ನಡುವೆ? ನಿನ್ನೆನೂ ಎಪ್ಪತ್ತಾರು, ಇವತ್ತೂ ಎಪ್ಪತ್ತಾರು. ಹೆಚ್ಚಾದದ್ದು ಎಲ್ಲಿ?

ಲೆಕ್ಕ ಜಟ್ಟಪ್ಪನೊಬ್ಬನಿಗೇ ಗೊತ್ತು, ಬಾಯಿ ಬಿಡುವಂತಿಲ್ಲ. ಅವತ್ತು ಸಂಜೆ ಕತ್ತಲಲ್ಲಿ, ಮುಳ್ಳು ಎಲ್ಲಿದೆ ಎಂದು ನೋಡುವ ಗೋಜಿಗೆ ಹೋಗದೆ, ತಿರುಪನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಒತ್ತಿದ. ಮರುದಿನ ಬೆಳಿಗ್ಗೆ ಮತ್ತೆ ಎಪ್ಪತ್ತಾರು. ಅವನ ಲೆಕ್ಕದಲ್ಲಿ ಹೆಂಡತಿ ದಿನಕ್ಕಿಷ್ಟು ಎಂದು ಉಬ್ಬುತ್ತಿದ್ದಾಳೆ, ಕಣ್ಣಿಗೆ ಮಾತ್ರ ಅವಳ ರವಿಕೆಯ ತೋಳು ಸಡಿಲವಾಗುತ್ತಿದೆ. ಬೆಲ್ಲದ ಡಬ್ಬಿಯನ್ನು ತೆಗೆದು ದನದ ಕೊಟ್ಟಿಗೆಯಲ್ಲಿ ಅಡಗಿಸಿಟ್ಟ. ಬೆಲ್ಲ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಇರುವೆ ಬಂದಿತ್ತು ಎಂದ. ಇರುವೆ ಬಂದರೆ ಡಬ್ಬಿ ಒರೆಸಿಡುತ್ತಾರೆ, ಎಮ್ಮೆಯ ಹತ್ತಿರ ಇಡುತ್ತಾರೆಯೇ ಎಂದು ಅವಳು ಕೇಳಿದಳು. ಎಮ್ಮೆಗೆ ಬೆಲ್ಲ ಒಳ್ಳೆಯದಂತೆ ಎಂದು ಹೇಳಿ ಗದ್ದೆಗೆ ಹೋಗಿಬಿಟ್ಟ.

ಹೀಗೇ ಒಂದು ವಾರ ಹೋಯಿತು. ಅಷ್ಟು ದಿನ ತಡೆದವನಿಗೆ ಮತ್ತೆ ತಡೆಯಲಾಗಲಿಲ್ಲ. ಒಂದು ಮುಂಜಾವು, ಗೋದಾವರಿ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ, ಮಿಷನ್ನಿನ ಮೇಲೊಂದು ಕಣ್ಣಿಡೋಣವೆಂದು ಬಾಗಿಲು ಸರಿಸಿದ. ಬಾಂಕಿನ ಮುಂದೆ ಯಾರೋ ಕುಕ್ಕರಗಾಲಲ್ಲಿ ಕೂತು ತಿರುಪು ತಿರುಗಿಸುತ್ತಿದ್ದರು. ಪಕ್ಕದ ಮನೆಯ ಸುಬ್ಬಿ.

ಸುಬ್ಬಿ ಎಂದರೆ ಊರಿನ ಹೆಂಗಸರ ಸಂಘದ ಮುಂದಾಳು; ದಿನಾ ಬೆಳಿಗ್ಗೆ ಗೋದಾವರಿಯನ್ನು ನಡೆಯಲು ಕರೆದುಕೊಂಡು ಹೋಗುವವಳೂ ಅವಳೇ. ಜಟ್ಟಪ್ಪ ಒಳಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

ಜಟ್ಟಪ್ಪ: ಏ ಸುಬ್ಬಿ, ಎಂತಾ ಮಾಡ್ತೀ ಅಲ್ಲಿ?

ಸುಬ್ಬಿ: ಎಂತಾ ಇಲ್ಲ ಜಟ್ಟಣ್ಣ. ಧೂಳು ಕೂತಿತ್ತು.

ಜಟ್ಟಪ್ಪ: ಧೂಳು ಒರೆಸುಕೆ ತಿರುಪು ತಿರುಗಿಸ್ಬೇಕಾ?

ಸುಬ್ಬಿ: ಮುಳ್ಳು ಸೊನ್ನೆಗಿಂತ ಹಿಂದೆ ಹೋಗಿ ಕೂತಿರ್ತದೆ ಮಾರಾಯಾ, ದಿನಾ ಬೆಳಿಗ್ಗೆ. ನಾ ಸರಿ ಮಾಡುದು.

ಜಟ್ಟಪ್ಪ: ಅದು ತಾನಾಗೇ ಹಿಂದೆ ಹೋಗುದಲ್ಲ. ಅದನ್ನ ಹಿಂದೆ ಕಳ್ಸುದು ನಾನು.

ಸುಬ್ಬಿ: ನೀನಾ? ಎಂತಕ್ಕೆ?

ಜಟ್ಟಪ್ಪ: ಅವಳಿಗೆ ಉಮೇದು ಬರ್ಲಿ ಅಂತ. ನೀ ಎಂತಕ್ಕೆ ಮುಂದೆ ತರುದು?

ಸುಬ್ಬಿ ಸೆರಗಿನ ತುದಿ ಹಿಂಡುತ್ತ ಒಂದೊಂದಾಗಿ ಬಿಚ್ಚಿದಳು. ತಾಲೂಕಿನ ಹೆಂಗಸರ ಕ್ರೀಡಾಕೂಟದಲ್ಲಿ ಭಾವಿಕೇರಿಯ ಸಂಘದ್ದು ಹಗ್ಗ ಜಗ್ಗುವ ತಂಡ. ಹಗ್ಗದ ಕಟ್ಟಕಡೆಗೆ, ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವಳು ಗೋದಾವರಿ. ಮುಂದಿನವರು ಎಷ್ಟೇ ಜಗ್ಗಲಿ, ತಂಡ ನಿಲ್ಲುವುದು ಹಿಂದಿನವಳ ಭಾರದ ಮೇಲೆ. ಅವಳು ಹೀಗೆ ದಿನಾ ಇಳಿಯುತ್ತ ಹೋದರೆ ಹಗ್ಗದ ಜೊತೆ ಅವಳನ್ನೂ ಎದುರಿನವರು ಎಳೆದುಕೊಂಡು ಹೋಗುತ್ತಾರೆ ಎಂಬುದು ಸುಬ್ಬಿಯ ಸಂಕಟ.

ಸುಬ್ಬಿ: ನಾ ಕೆಟ್ಟದ್ದು ಬಗೀಲಿಲ್ಲ. ಇಳಿಯುದೇ ಇಲ್ಲ ಅಂತ ಅವಳಿಗೆ ಬೇಜಾರ ಬಂದ್ರೆ ಆಟ ಮುಗಿಯುವರೆಗೆ ಎರಡು ತುತ್ತು ಜಾಸ್ತಿ ಉಣ್ತಾಳೆ ಅಂದ್ಕಂಡೆ. ಆಮೇಲೆ ಬೇಕಾದ್ರೆ ಕಡ್ಡಿ ಆಗ್ಲಿ.

ಜಟ್ಟಪ್ಪ: ನಿನ್ನ ಹಗ್ಗಕ್ಕೋಸ್ಕರ ನನ್ನ ಹೆಂಡ್ತಿ ಕಾಲು ಕೊಯ್ಸುದಾ?

ಸುಬ್ಬಿ: ನೀ ಸುಳ್ಳು ತೋರಿಸಿದ್ರೆ ಕಾಲು ಸರಿ ಆಗ್ತದಾ?

ಜಟ್ಟಪ್ಪ: ನನ್ನ ಸುಳ್ಳು ಒಳ್ಳೇದಕ್ಕೆ.

ಸುಬ್ಬಿ: ನಾ ತಿರುಗಿಸುದೂ ಊರಿನ ಒಳ್ಳೇದಕ್ಕೇ.

ಇಬ್ಬರ ಪಿಸುಮಾತು ಪಿಸುಮಾತಾಗಿ ಉಳಿಯಲಿಲ್ಲ. ನೀನು ತಿರುಗಿಸಿದ್ದು ಎಷ್ಟು, ನಾನು ತಿರುಗಿಸಿದ್ದು ಎಷ್ಟು ಎಂಬ ಜಗಳಕ್ಕೆ ಇಳಿದಾಗ, ಮಿಷನ್ನಿನ ಎರಡು ಬದಿಯನ್ನು ಇಬ್ಬರೂ ಹಿಡಿದುಕೊಂಡಿದ್ದರು. ಬಾಗಿಲಲ್ಲಿ ಗೋದಾವರಿ ಯಾವಾಗ ಬಂದು ನಿಂತಳೋ ಇಬ್ಬರಿಗೂ ಗೊತ್ತಾಗಲಿಲ್ಲ.

ಗೋದಾವರಿ: ಜಗಳಾಡ್ಬೇಡಿ. ಒಬ್ರು ಸಂಜೆ ತಿರುಗಿಸ್ತೀರಿ, ಒಬ್ರು ಬೆಳಿಗ್ಗೆ ತಿರುಗಿಸ್ತೀರಿ. ನಾ ಹತ್ತುವಷ್ಟೊತ್ತಿಗೆ ಅದು ಸೊನ್ನೆಗೇ ಬಂದಿರ್ತದೆ.

ಜಟ್ಟಪ್ಪ: ನಿಂಗೆ ಗೊತ್ತಿತ್ತಾ?

ಗೋದಾವರಿ: ಜಗಲಿ ಗುಡಿಸುದು ಯಾರು? ಸಂಜೆ ನೋಡಿದ್ರೆ ಮುಳ್ಳು ಹಿಂದೆ, ಬೆಳಿಗ್ಗೆ ನೋಡಿದ್ರೆ ಸರಿ. ನಾ ಕುರುಡಿಯಾ?

ಸುಬ್ಬಿ: ಮತ್ತೆ ದಿನಾ ಬೆಳಿಗ್ಗೆ ಎಪ್ಪತ್ತಾರು ಎಪ್ಪತ್ತಾರು ಅಂತ ಬೇಜಾರ ಮಾಡ್ಕಂಡದ್ದು ಎಂತಕ್ಕೆ?

ಗೋದಾವರಿ: ಬೇಜಾರ ಮಾಡ್ಕಂಡ್ರೆ ಲಾಭ ಇತ್ತು. ಇವರು ಎಮ್ಮೆಗೆ ನೀರು ಹೊತ್ರು, ಹುಲ್ಲು ತಂದ್ರು, ನಂಗೆ ಚಾ ಮಾಡಿ ಕೊಟ್ರು. ನೀ ಬಂದು ಶೇಂಗಾ ಗದ್ದೆ ಕಳೆ ಕಿತ್ತೆ, ಅಕ್ಕನಿಗೆ ದಣಿವು ಅಂತ. ನಗ್ತಾ ಇದ್ದಿದ್ರೆ ಯಾರು ಮಾಡ್ತಿದ್ರಿ?

ಗೋದಾವರಿ ಮಿಷನ್ನನ್ನು ಕಸಿದು, ಮುಳ್ಳನ್ನು ಸೊನ್ನೆಗೆ ತಂದು, ಅವರ ಎದುರಿಗೇ ಹತ್ತಿ ನಿಂತಳು. ಮುಳ್ಳು ತುಯ್ದಾಡಿ ನಿಂತಿತು. ಎಪ್ಪತ್ತಾರು.

ಜಟ್ಟಪ್ಪನಿಗೆ ನಗು ಬರಲಿಲ್ಲ. ಇಷ್ಟೆಲ್ಲ ಮಾಡಿ ನಿಜವಾಗಿಯೂ ಇಳಿದಿಲ್ಲವಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಗೋದಾವರಿ ಅವನ ಪಕ್ಕ ಬಾಂಕಿನ ಮೇಲೆ ಕೂತಳು. ಮೊದಲು ತನಗೂ ತುಂಬ ನೋವಾಗಿತ್ತು ಎಂದಳು. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದೂ ಉಂಟು, ಅದನ್ನು ನೋಡಿದ್ದು ಎಮ್ಮೆ ಮಾತ್ರ.

ಗೋದಾವರಿ: ಆಮೇಲೆ ಒಂದಿನ ನೆಲದ ಮೇಲೆ ಕೂತು ಅಕ್ಕಿ ಆರಿಸ್ತಿದ್ದೆ. ಒಲೆ ಮೇಲೆ ಗಂಜಿ ಉಕ್ಕಿ ಬಂತು. ಎದ್ದು ಹೋಗಿ ಇಳಿಸ್ದೆ. ಇಳಿಸಿದ್ಮೇಲೆ ನೆನಪಾಯ್ತು, ಏಳುವಾಗ ನೆಲಕ್ಕೆ ಕೈ ಊರಲೇ ಇಲ್ಲ ಅಂತ. ಅದು ಈ ಮುಳ್ಳಿಗೆ ಗೊತ್ತಾಗ್ತದಾ?

ಜಟ್ಟಪ್ಪ: ನಂಗೆ ಹೇಳುಕಾಗ್ತಿರಲಿಲ್ವಾ?

ಗೋದಾವರಿ: ಹೇಳಿದ್ರೆ ನೀರು ಹೊರುದು ಬಿಡ್ತಿದ್ರಿ.

ಜಟ್ಟಪ್ಪ ಎದ್ದು ಕೊಡಪಾನ ಹಿಡಿದು ಬಾವಿಗೆ ಹೋದ. ಸಿಟ್ಟಿಗೆ ಹೋದನೋ ಸಂತೋಷಕ್ಕೆ ಹೋದನೋ ಹೇಳುವುದು ಕಷ್ಟ. ಹಗ್ಗ ಎಳೆಯುವಾಗ ಮಾತ್ರ ಅವನ ಗಂಟಲಿನಲ್ಲಿ ಏನೋ ಗುನುಗು ಕೇಳುತ್ತಿತ್ತು.

ಕ್ರೀಡಾಕೂಟದ ದಿನ ಅಂಕೋಲೆಯ ಮೈದಾನದಲ್ಲಿ ಜನವೋ ಜನ. ಕೊನೆಯ ಸುತ್ತಿಗೆ ಎದುರಾದದ್ದು ಹೊಳೆಯಾಚೆಯ ಊರಿನ ತಂಡ. ಅಲ್ಲಿ ಹಿಂದೆ ನಿಂತವಳ ಮೈಕಟ್ಟು ಕಂಡು ಸುಬ್ಬಿ ಗೋದಾವರಿಯ ಸೊಂಟದ ಹಗ್ಗವನ್ನು ಇನ್ನೊಮ್ಮೆ ಬಿಗಿದಳು. ಶಿಳ್ಳೆ ಊದಿದ್ದೇ ಹಗ್ಗ ಬಿಗಿದು ನಿಂತಿತು. ಆಚೆಗೂ ಇಲ್ಲ, ಈಚೆಗೂ ಇಲ್ಲ. ಗೋದಾವರಿ ಹಿಮ್ಮಡಿಯನ್ನು ಮಣ್ಣಿನಲ್ಲಿ ಹೂತು, ಆಕಾಶ ನೋಡುತ್ತ ಹಿಂದಕ್ಕೆ ಒರಗಿದಳು. ಸುತ್ತಲಿನವರೆಲ್ಲ ಹಗ್ಗದ ನಡುವಿನ ಕೆಂಪು ಬಟ್ಟೆಯನ್ನು ನೋಡುತ್ತಿದ್ದರೆ, ಜಟ್ಟಪ್ಪ ನೋಡುತ್ತಿದ್ದದ್ದು ಅವಳ ಮೊಣಕಾಲು ಎರಡನ್ನೇ. ಅವು ಬಾಗಿದ್ದವು, ನಡುಗಲಿಲ್ಲ. ಎದುರಿನ ತಂಡದವರು ಜಗ್ಗಿ ಜಗ್ಗಿ ಉಸಿರು ಸೋತು ಒಂದು ಸಲ ಹಿಡಿತ ಬದಲಿಸಲು ಹೋದದ್ದೇ ತಪ್ಪಾಯಿತು. ಗೋದಾವರಿ ಒಂದು ಹೆಜ್ಜೆ ಹಿಂದಿಟ್ಟಳು, ಮತ್ತೊಂದು ಇಟ್ಟಳು. ಕೆಂಪು ಬಟ್ಟೆ ಗೆರೆ ದಾಟಿ ಭಾವಿಕೇರಿಯ ಕಡೆಗೆ ಬಂದಿತು.

ಬೈಕಿನಲ್ಲಿ ಮನೆಗೆ ಬರುವಾಗ ಮೊಣಕಾಲು ಹೇಗಿದೆ ಎಂದು ಅವನು ಹಿಂದೆ ತಿರುಗದೇ ಕೇಳಿದ. ಜಗ್ಗುವಾಗ ಮೊಣಕಾಲೊಂದು ಇದೆಯೆನ್ನುವುದೇ ನೆನಪಾಗಲಿಲ್ಲ ಎಂದಳು ಗೋದಾವರಿ. ಉಳಿದ ದಾರಿಯುದ್ದಕ್ಕೂ ಜಟ್ಟಪ್ಪ ಪ್ರತಿ ಹೊಂಡದ ಮುಂದೆಯೂ ಬೈಕನ್ನು ನಿಲ್ಲಿಸಿದಂತೆ ನಿಧಾನ ಮಾಡಿದ.

ಇದಾಗಿ ಒಂದು ವಾರಕ್ಕೆ, ಸುಬ್ಬಿ ಎಂದಿನಂತೆ ಬೆಳಿಗ್ಗೆ ಬಂದು ನಿಂತಿದ್ದಾಗ, ಗೋದಾವರಿ ಮಿಷನ್ ಹತ್ತಿದಳು. ಹತ್ತಿದವಳು ಇಳಿಯಲೇ ಇಲ್ಲ.

ಗೋದಾವರಿ: ಇದನ್ನ ಯಾರು ಮುಟ್ಟಿದ್ದು?

ಜಟ್ಟಪ್ಪ: ನಾ ಮುಟ್ಲಿಲ್ಲ.

ಸುಬ್ಬಿ: ದೇವರಾಣೆ ನಾನೂ ಇಲ್ಲ. ಎಂತಾಯ್ತು?

ಗೋದಾವರಿ: ಎಪ್ಪತ್ತೈದಕ್ಕಿಂತ ಕೆಳಗೆ ಇದೆ.

ಇಳಿದು ನೋಡಿದಳು. ಮುಳ್ಳು ಸೊನ್ನೆಗೇ ಇತ್ತು. ಮತ್ತೆ ಹತ್ತಿದಳು, ಎಪ್ಪತ್ತೈದಕ್ಕೆ ಇನ್ನೂ ಚೂರು ಕಡಿಮೆ. ಜಟ್ಟಪ್ಪನ ಮುಖ ಇಷ್ಟಗಲವಾಯಿತು. ಸುಬ್ಬಿಯ ಮುಖ ಮಾತ್ರ ಬಾಡಿತು. ಮುಂದಿನ ತಿಂಗಳು ಕಾರವಾರದಲ್ಲಿ ಜಿಲ್ಲಾ ಮಟ್ಟದ ಆಟ, ಅಲ್ಲಿಗೆ ಬರುವವರೆಲ್ಲ ಕಂಬದಂಥವರು, ನೀನು ಹೀಗೆ ಇಳಿದರೆ ಹಗ್ಗದ ಕೊನೆಗೆ ನಾನು ಯಾರನ್ನು ಕಟ್ಟಲಿ ಎಂದು ಅವಳು ಕೇಳಿದಳು.

ಗೋದಾವರಿ ಇಳಿದು ಬಂದು ಸುಬ್ಬಿಯ ರಟ್ಟೆ ಹಿಡಿದು ಮಿಷನ್ನಿನ ಮೇಲೆ ನಿಲ್ಲಿಸಿದಳು. ಇದು ಮನೆಗೆ ಬಂದಾಗಿನಿಂದ ಸುಬ್ಬಿ ಅದರ ತಿರುಪನ್ನು ಮುಟ್ಟಿದ್ದೇ ಹೊರತು ಒಮ್ಮೆಯೂ ಮೇಲೆ ಹತ್ತಿದವಳಲ್ಲ. ಮುಳ್ಳು ಗಿರ್ರನೆ ತಿರುಗಿತು. ಎಪ್ಪತ್ತೈದು ದಾಟಿತು, ಎಂಬತ್ತು ದಾಟಿತು, ಎಂಬತ್ಮೂರಕ್ಕೆ ಹೋಗಿ ಸುಸ್ತಾಗಿ ನಿಂತಿತು.

ಗೋದಾವರಿ: ಸಿಕ್ತಲ್ಲಾ ಸುಬ್ಬಿ. ಕಾರವಾರದಲ್ಲಿ ಹಗ್ಗದ ಕೊನೆ ನಿಂದು.

ಸುಬ್ಬಿ ಬಗ್ಗಿ ಮುಳ್ಳನ್ನು ನೋಡಿದಳು. ನೆಟ್ಟಗಾಗಿ ಗೋದಾವರಿಯನ್ನು ನೋಡಿದಳು. ಆಮೇಲೆ ಮಿಷನ್ನಿನಿಂದ ಇಳಿಯದೆಯೇ ಜಟ್ಟಪ್ಪನ ಕಡೆಗೆ ವಾಲಿ, ದನಿ ತಗ್ಗಿಸಿದಳು.

ಸುಬ್ಬಿ: ಜಟ್ಟಣ್ಣ, ನೀ ತಿರುಗಿಸ್ತಿದ್ದದ್ದು ಯಾವ ಬದಿಗೆ ಹೇಳು ಕಾಣ್ವಾ.