ಮಾವನ ಮೂರು ಬೆರಳು, ಹನ್ನೊಂದು ಕಥೆ

ನನ್ನ ಸೋದರಮಾವನಂಥ ಸುಳ್ಳುಗಾರ ಲೋಕಲ್ ರೈಲು ಹತ್ತಿ ಠಾಣೆಯಿಂದ ಬದಲಾಪುರದವರೆಗೆ ಒಂದೊಂದು ಸ್ಟೇಷನ್ನಿನಲ್ಲೂ ಇಳಿದು ಹುಡುಕಿದರೆ ಸಿಗಲಾರ. ಅವನ ಬಲಗೈಯಲ್ಲಿ ಮೂರು ಬೆರಳುಗಳಿಲ್ಲ. ಅವು ಹೇಗೆ ಹೋದವು ಎಂಬುದಕ್ಕೆ ಹನ್ನೊಂದು ಕಥೆಗಳಿವೆ. ಹನ್ನೊಂದು ಎಂಬುದು ನನ್ನ ಲೆಕ್ಕ. ನನ್ನ ನೆನಪನ್ನೂ ಪೂರ್ತಿ ನಂಬಬೇಡಿ.

ಕೋಪರಿಯ ನಮ್ಮ ಒಂಟಿಕೋಣೆಗಳ ಚಾಳಿನ ಮಕ್ಕಳಿಗೆ ಮೊಸಳೆಯ ಕಥೆ. ಲೋಕಲಿನಲ್ಲಿ ಮೂವರ ಬೆಂಚಿನ ಮೇಲೆ ಸರಿದು ನಾಲ್ಕನೇ ಸೀಟು ಕೊಟ್ಟವರಿಗೆ ಯುದ್ಧದ ಕಥೆ. ಸರಿಯದವರಿಗೆ ಅಂಟುರೋಗದ ಕಥೆ. ಅದಕ್ಕೆ ಇಡೀ ಬೆಂಚೇ ಖಾಲಿ! ಒಂದು ಮದುವೆಯೂಟದಲ್ಲಿ ಯಾರೋ ಕೇಳಿದಾಗ ಹೇಳಿದ: "ಇವಳು ಉಂಗುರ ಕೊಡಿಸಿ ಅಂತ ಪೀಡಿಸ್ತಿದ್ದಳು. ಬೆರಳನ್ನೇ ತೆಗೆಸಿಬಿಟ್ಟೆ."

ಅತ್ತೆ ಎಲೆಯಿಂದ ತಲೆ ಎತ್ತದೆ, "ನಾಲಗೆ ತೆಗೆಸಬೇಕಿತ್ತು" ಎಂದಳು.

ನಿಜ ಇಷ್ಟೇ. ಡೊಂಬಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ಅವನು ಇಡ್ಲಿಹಿಟ್ಟು ರುಬ್ಬುತ್ತಿದ್ದ. ಗ್ರೈಂಡರ್ ನಿಲ್ಲಿಸಿ ಹಿಟ್ಟನ್ನು ಕಲ್ಲಿನಡಿಗೆ ಒತ್ತಿದರೆ ಉದ್ದು ಉಬ್ಬುವುದಿಲ್ಲವೆಂದು ಧಣಿಯ ನಂಬಿಕೆ. ಹಾಗಾಗಿ ಕಲ್ಲು ತಿರುಗುತ್ತಿರುವಾಗಲೇ ಕೈಯಿಂದ ಒತ್ತಬೇಕು. ಇಪ್ಪತ್ತು ವರ್ಷ ಒತ್ತಿದ. ಒಂದು ಬೆಳಿಗ್ಗೆ ಕಲ್ಲು ಅವನ ಕೈಯನ್ನೂ ಉದ್ದೆಂದೇ ತಿಳಿಯಿತು.

ಧಣಿಯೇ ಆಟೊದಲ್ಲಿ ಆಸ್ಪತ್ರೆಗೆ ತಂದ. ಸುದ್ದಿ ಕೇಳಿ ನಾನು ಓಡಿದೆ. ಕೌಂಟರಿನ ಫಾರ್ಮಿನಲ್ಲಿ, ಪೆಟ್ಟಾದದ್ದು ಎಲ್ಲಿ ಎಂಬ ಸಾಲಿನ ಮುಂದೆ, "ಮನೆಯಲ್ಲಿ" ಎಂದು ಬರೆದವನು ನಾನು. ಮಾವನೇ ಹೇಳಿ ಬರೆಸಿದ ಎಂದು ನನ್ನ ನೆನಪು. ಅವನು ಹೇಳುವ ಸ್ಥಿತಿಯಲ್ಲಿದ್ದನೇ ಎಂದು ಆ ನೆನಪನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಗಾಯ ಮಾಯಿತು. "ಊರಿಗೆ ಹೋಗಿ ಆರಾಮ ಮಾಡು" ಎಂದ ಧಣಿ. ಕೆಲಸ ಹೋದದ್ದು ಹೀಗೆ, ಬಹಳ ಮರ್ಯಾದೆಯಿಂದ. ವರ್ಷ ಕಳೆದ ಮೇಲೆ ಅತ್ತೆ ನಮ್ಮಿಬ್ಬರನ್ನೂ ಹುಬ್ಬಳ್ಳಿ ಕಡೆಯ ಒಬ್ಬ ವಕೀಲೆಯ ಹತ್ತಿರ ಎಳೆದೊಯ್ದಳು.

"ಧಣಿ ಮೇಲೆ ಕಂಪ್ಲೇಂಟ್ ಬೇಡ ಅಕ್ಕ. ನನಗೆ ಹೆಣ್ಣು ನೋಡಿ ಮದುವೆ ಮಾಡಿಸಿದ್ದೇ ಅವರು" ಎಂದ ಮಾವ.

"ಅದಕ್ಕೆ ಬೇರೆ ಕೇಸು ಹಾಕುವ" ಎಂದಳು ಅತ್ತೆ.

ವಕೀಲೆ ನಗಲಿಲ್ಲ. "ಇದು ಜಗಳ ಅಲ್ರೀ. ಕೆಲಸ ಮಾಡೂ ಹೊತ್ತಿನಾಗ ಪೆಟ್ಟಾದ್ರ ಪರಿಹಾರ ನಿಮ್ಮ ಹಕ್ಕು. ಮಾಲಕರು ಛಲೋ ಇರಲಿ, ಕೆಟ್ಟ ಇರಲಿ. ಎರಡು ವರ್ಷದೊಳಗ ಅರ್ಜಿ ಹಾಕಬೇಕು, ಇನ್ನೂ ಟೈಮ್ ಐತಿ. ಆದ್ರ ಈ ಕಾಗದದಾಗ ಮನ್ಯಾಗ ಅಂತ ಯಾರು ಬರದ್ರು? ಇದೊಂದ ಸಾಕು, ಅರ್ಜಿ ಮುಳಗತೈತಿ."

ನಾನು ಫ್ಯಾನ್ ನೋಡಿದೆ.

ಅತ್ತೆಯ ಹಟಕ್ಕೆ ಅರ್ಜಿ ಬಿತ್ತು. ಪರಿಹಾರದ ಅಧಿಕಾರಿಯ ಮುಂದೆ ವಿಚಾರಣೆಯ ದಿನ ಧಣಿಯ ವಕೀಲ ಹೋಟೆಲಿನವರಿಂದ ಮಾವನ ಕಥೆಗಳನ್ನೆಲ್ಲ ಸಂಗ್ರಹಿಸಿ ತಂದಿದ್ದ. "ಮೊಸಳೆ, ಯುದ್ಧ, ಉಂಗುರ. ಈಗ ಗ್ರೈಂಡರ್. ಕಾಕಾ, ಇವುಗಳಲ್ಲಿ ಯಾವುದನ್ನು ನಂಬೋಣ?" ಎಂದು ಮರಾಠಿಯಲ್ಲಿ ಕೇಳಿದ.

ಮಾವ ಮುಂದಕ್ಕೆ ಬಾಗಿದ. ಎಡಗೈಯಿಂದ ಇಲ್ಲದ ಚೊಂಬನ್ನು ಬಗ್ಗಿಸಿ ನೀರು ಬಿಟ್ಟ. ಬಲಗೈಯಿಂದ ಗಾಳಿಯನ್ನು ಒತ್ತಿದ. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಅವನ ಭುಜ ಸೆಟೆದು ನಿಂತಿತು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಮನೆಯಲ್ಲಿ ಗ್ರೈಂಡರ್ ಇಲ್ಲ ಸಾಹೇಬ್. ಕಾಲು ಚಾಚಲಿಕ್ಕೇ ಜಾಗ ಇಲ್ಲ" ಎಂದ ಮಾವ.

"ಹಾಗಾದರೆ ಫಾರ್ಮಿನಲ್ಲಿ ಹಾಗೆ ಬರೆದದ್ದು ಯಾರು?" ಅಧಿಕಾರಿ ಕೇಳಿದರು.

ಪಕ್ಕದಲ್ಲಿ ಕೂತಿದ್ದ ನಾನು ಎದ್ದೆ. ಆಗ ನೆನಪು ಬಾಯಿಬಿಟ್ಟಿತು. ಮಾವ ಸ್ಟ್ರೆಚರಿನ ಮೇಲೆ ಎಚ್ಚರವಿಲ್ಲದೆ ಮಲಗಿದ್ದ. ನನ್ನ ಕಿವಿಯ ಹತ್ತಿರ ಹೇಳಿದವನು ಧಣಿ: "ಪೊಲೀಸ್ ಲಫಡಾ ಬೇಡ ಮಾರಾಯ, ಮನೆಯಲ್ಲಿ ಅಂತ ಬರಿ." ಒಂದು ಪ್ರಶ್ನೆಯನ್ನೂ ಕೇಳದೆ ನಾನು ಬರೆದಿದ್ದೆ.

"ನಾನೇ ಬರೆಸಿದ್ದು" ಎಂದ ಮಾವ, ನನ್ನತ್ತ ನೋಡದೆ. "ಇವ ಬೇಡ ಬೇಡ ಅಂದ. ನಾನೇ ಬೈದು ಬರೆಸಿದೆ."

ಹನ್ನೆರಡನೆಯ ಕಥೆ.

"ಸುಳ್ಳು ಸಾಹೇಬ್" ಎಂದೆ.

ಮಾವ ಉಳಿದ ಎರಡು ಬೆರಳುಗಳಿಂದ ನನ್ನ ಅಂಗಿಯ ತುದಿ ಹಿಡಿದು ಕೂರಿಸಲು ಎಳೆದ. ಅವುಗಳಲ್ಲಿ ಇಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಕೂರಲಿಲ್ಲ.