ಪೂಜೆ ಮುಗಿಸಿಕೊಂಡ ಸರ್ವರ್ ಓ.ಟಿ. ಮಾಡಿದ್ದು

"ಹತ್ತೇ ನಿಮಿಷದ ಕೆಲಸ ಕಣೇ!" ಎಂದು ಗುರುಪ್ರಕಾಶ ಘೋಷಿಸಿದಾಗ ರೂಪಶ್ರೀ ದೋಸೆ ಮಗುಚುತ್ತಿದ್ದಳು. ಅವಳು ತಿರುಗಿಯೂ ನೋಡಲಿಲ್ಲ. ಗಂಡನ ಹತ್ತು ನಿಮಿಷಗಳ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು. ಹೋದ ವರ್ಷ ಬಚ್ಚಲುಮನೆಯ ನಲ್ಲಿ ರಿಪೇರಿ ಕೂಡ ಹತ್ತು ನಿಮಿಷದ ಕೆಲಸವೆಂದೇ ಶುರುವಾಗಿತ್ತು; ಮೂರನೇ ದಿನ ಕೆಳಗಿನ ಮನೆಯವರ ಸೀಲಿಂಗ್‌ಗೆ ಪೇಂಟ್ ಹೊಡೆಸಿಕೊಡುವುದರೊಂದಿಗೆ ಮುಗಿದಿತ್ತು.

"ಇವತ್ತು ಇಡೀ ಫ್ಯಾಕ್ಟರಿಯ ಇಮೇಲ್ ಹಳೇ ಸರ್ವರ್‌ನಿಂದ ಹೊಸ ಸರ್ವರ್‌ಗೆ ಹೋಗ್ತದೆ. ಬೆಂಗಳೂರಲ್ಲಿ ಇದಕ್ಕೆ ಒಂದು ಟೀಮ್ ಇಟ್ಕೊಂಡಿರ್ತಾರೆ. ತುಮಕೂರಲ್ಲಿ ಒಬ್ಬನೇ!" ಎಂದು ಅವನು ಎದೆ ತಟ್ಟಿಕೊಂಡ.

"ಆ ಒಬ್ಬನಿಗೆ ಇನ್ನೊಂದು ದೋಸೆ ಬೇಕಾ?"

"ಬೇಕು. ಚಟ್ನಿ ಜಾಸ್ತಿ ಹಾಕು."

ಗುರುಪ್ರಕಾಶ ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿರುವ ಮಹಾದೇವಯ್ಯನವರ ಪಂಪ್ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ಅವನೊಬ್ಬನೇ ಆದ್ದರಿಂದ ಮುಖ್ಯಸ್ಥನಾಗಲು ಪೈಪೋಟಿ ಇರಲಿಲ್ಲ. ರೂಪಶ್ರೀ ಕುಣಿಗಲ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಐದು ವರ್ಷದಿಂದ ಬೆಳಿಗ್ಗೆ ಆರು ಹತ್ತರ ಬಸ್ಸಿಗೆ ಓಡುತ್ತಾಳೆ. ಮಗಳು ದೀಪಿಕಾ ಏಳುವ ಹೊತ್ತಿಗೆ ಅವಳು ಅರ್ಧ ದಾರಿಯಲ್ಲಿರುತ್ತಾಳೆ. ಹಾಗಾಗಿ ಮಗುವಿನ ಜಡೆ ಹಾಕುವುದು ಅಪ್ಪನ ಪಾಲಿನ ಕೆಲಸ. ಒಂದು ಜಡೆ ಕಿವಿಯ ಮೇಲೆ ನಿಂತರೆ ಇನ್ನೊಂದು ಕತ್ತಿನ ಹಿಂದೆ ಜಾರುತ್ತಿತ್ತು. ಅದನ್ನು ಕಂಡಾಗಲೆಲ್ಲ ರೂಪಶ್ರೀಗೆ ನಗು ಬರುತ್ತಿತ್ತು, ಆಮೇಲೆ ಅಳುವೂ ಬರುತ್ತಿತ್ತು.

ಈಗ ತುಮಕೂರಿನಲ್ಲೇ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೊಸ ಡಯಾಗ್ನೋಸ್ಟಿಕ್ ಸೆಂಟರ್ ಒಂದು ತೆರೆಯುತ್ತಿತ್ತು. ಅವಳು ಇಂಟರ್‌ವ್ಯೂ ಮುಗಿಸಿ ಬಂದಿದ್ದಳು. ಹಬ್ಬಕ್ಕೆ ಮುಂಚೆ ಇಮೇಲ್‌ನಲ್ಲಿ ತಿಳಿಸುತ್ತೇವೆ ಎಂದಿದ್ದರು. ಆ ಅರ್ಜಿಯಲ್ಲಿ ಅವಳು ತನ್ನ ಜಿಮೇಲ್ ಬರೆಯಲು ಹೊರಟಿದ್ದಾಗ ಗುರುಪ್ರಕಾಶ ಪೆನ್ನು ಹಿಡಿದು ತಡೆದಿದ್ದ.

"ಜಿಮೇಲ್ ಎಲ್ಲರ ಹತ್ರಾನೂ ಇರ್ತದೆ ಕಣೇ. ನಮ್ಮ ಫ್ಯಾಕ್ಟರಿ ಡೊಮೇನ್‌ನಲ್ಲಿ ನಿನಗೊಂದು ಐಡಿ ಮಾಡಿಕೊಡ್ತೀನಿ. ನೋಡಿದ ತಕ್ಷಣ ಗೌರವ ಹುಟ್ಟಬೇಕು!"

ಗೌರವ ಹುಟ್ಟಿತೋ ಇಲ್ಲವೋ, ಐಡಿಯಂತೂ ಹುಟ್ಟಿತು.

ಇನ್ನು ಆ ದಿನದ ವಿಷಯ. ಹಬ್ಬಕ್ಕೆಂದು ರೂಪಶ್ರೀ ಅಂದು ರಜೆ ಹಾಕಿದ್ದಳು. ಫ್ಯಾಕ್ಟರಿಯಲ್ಲಿ ಆಯುಧಪೂಜೆ ಯಾವಾಗಲೂ ಹಬ್ಬದ ಹಿಂದಿನ ದಿನವೇ ನಡೆಯುತ್ತದೆ. ಕೆಲಸಗಾರರು ಹಬ್ಬದ ದಿನ ತಮ್ಮ ಮನೆಯಲ್ಲಿ ಸ್ಕೂಟರಿಗೂ ಬೈಕಿಗೂ ಪೂಜೆ ಮಾಡಿಕೊಳ್ಳಲಿ ಎಂದು ಈ ಏರ್ಪಾಡು. ಪೂಜೆ ಮಾಡುವವರು ಮಹಾದೇವಯ್ಯನವರ ತಾಯಿ ಶಿವರುದ್ರಮ್ಮ. ಎಂಬತ್ತರ ಹತ್ತಿರದ ಅಜ್ಜಿ, ಗುಬ್ಬಿಯಿಂದ ಕಾರಿನಲ್ಲಿ ಬರುತ್ತಾರೆ. ಅವರ ಕಟ್ಟಳೆ ಕಟ್ಟುನಿಟ್ಟು. ಪೂಜೆಗೆ ಮುಂಚೆ ಎಲ್ಲ ಮೆಷಿನ್ ಆಫ್ ಆಗಿರಬೇಕು. ಪೂಜೆಯಾದ ಮೇಲೆ ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟಬಾರದು. ಬೀಗ ಹಾಕಿ, ಕೀ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಬ್ಬಿಗೆ ಹೊರಟುಬಿಡುತ್ತಾರೆ.

ಹಳೇ ಸರ್ವರ್ ಹನ್ನೊಂದು ವರ್ಷದ್ದು. ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಅದಕ್ಕೆ ಪೂಜೆಯ ಮರ್ಯಾದೆಯೊಂದಿಗೇ ನಿವೃತ್ತಿ ಕೊಡಬೇಕು ಎಂಬುದು ಗುರುಪ್ರಕಾಶನ ಭಾವುಕ ಯೋಜನೆ. ಪೂಜೆಗೆ ಮುಹೂರ್ತ ಹನ್ನೊಂದು ನಲವತ್ತಕ್ಕೆ. ಹನ್ನೊಂದು ಗಂಟೆಗೆ ಅವನು ಡಿಎನ್‌ಎಸ್ ತೆರೆದ. ಜಗತ್ತಿನ ಯಾರೇ ಆಗಲಿ, ಈ ಕಂಪನಿಗೆ ಮೇಲ್ ಕಳಿಸುವ ಮುನ್ನ ಅದನ್ನು ಯಾವ ಸರ್ವರ್‌ಗೆ ತಲುಪಿಸಬೇಕು ಎಂದು ಕೇಳಿ ತಿಳಿಯುವುದು ಅಲ್ಲೇ. ಅಲ್ಲಿ ಹಳೇ ವಿಳಾಸ ಅಳಿಸಿದ, ಹೊಸದು ಬರೆದ, ಸೇವ್ ಒತ್ತಿದ. ತನಗೆ ತಾನೇ ಒಂದು ಮೇಲ್ ಕಳಿಸಿಕೊಂಡ. ಅದು ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆದಿದ್ದ ಹೊಸ ಸರ್ವರ್‌ಗೆ ಬಂದು ಬಿತ್ತು! ತನ್ನ ಕ್ಷೇಮಸಮಾಚಾರ ತನಗೇ ತಲುಪಿದ ಆನಂದದಲ್ಲಿ ಹಳೇ ಸರ್ವರ್‌ನ ಸ್ವಿಚ್ ಆರಿಸಿದ. ಗಡಿಯಾರ ನೋಡಿದ. ಸರಿಯಾಗಿ ಒಂಬತ್ತು ನಿಮಿಷ!

ಶಿವರುದ್ರಮ್ಮ ಸರ್ವರ್‌ಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು, ಕುಂಕುಮ ಇಟ್ಟರು, ಚೆಂಡುಹೂವಿನ ಹಾರ ಹಾಕಿದರು, ಮುಂದೆ ನಿಂಬೆಹಣ್ಣು ಇಟ್ಟರು. ಬೂದುಗುಂಬಳಕಾಯಿ ಒಡೆಯಿತು. ಕಡ್ಲೆಪುರಿ ಹಂಚಿದರು. ಬೀಗ ಬಿತ್ತು. ಕಾರು ಗುಬ್ಬಿಗೆ ಹೊರಟಿತು. ಗುರುಪ್ರಕಾಶ ಪುರಿಯ ಪೊಟ್ಟಣದೊಂದಿಗೆ ವಿಜಯಿಯಾಗಿ ಮನೆಗೆ ಬಂದ.

ಎರಡೂವರೆಗೆ ರೂಪಶ್ರೀಯ ಫೋನಿಗೆ ಒಂದು ಎಸ್ಸೆಮ್ಮೆಸ್ಸು ಬಂತು. ಆಫರ್ ಲೆಟರ್ ನಿಮ್ಮ ಇಮೇಲ್‌ಗೆ ಕಳಿಸಲಾಗಿದೆ, ಅದರಲ್ಲಿರುವ ಲಿಂಕ್ ಒತ್ತಿ ಇಂದು ಸಂಜೆ ಆರರೊಳಗೆ ಒಪ್ಪಿಗೆ ತಿಳಿಸಿ, ತಪ್ಪಿದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಅವಕಾಶ.

"ಬಂತು ಕಣ್ರೀ! ಕೆಲಸ ಬಂತು!" ಎಂದು ಅವಳು ದೀಪಿಕಾಳನ್ನು ಎತ್ತಿ ತಿರುಗಿಸಿದಳು. "ಲೆಟರ್ ತೋರ್ಸಿ, ಬೇಗ."

ಅವನು ಠೀವಿಯಿಂದ ಲ್ಯಾಪ್‌ಟಾಪ್ ತೆರೆದ. ಹೊಸ ಸರ್ವರ್‌ನಲ್ಲಿ ಅವಳ ಪೆಟ್ಟಿಗೆ ಖಾಲಿ. ಪುನಃ ನೋಡಿದ. ಖಾಲಿ. ಸ್ಪ್ಯಾಮ್ ನೋಡಿದ. ಅದೂ ನೊಣ ಹೊಡೆಯುತ್ತಿತ್ತು. ಇಡೀ ಫ್ಯಾಕ್ಟರಿಗೇ ಹನ್ನೊಂದು ಗಂಟೆಯಿಂದ ಬಂದಿದ್ದ ಮೇಲ್ ಒಂದೇ ಒಂದು. ಅದು ಅವನೇ ಅವನಿಗೆ ಬರೆದುಕೊಂಡದ್ದು.

ಡಿಎನ್‌ಎಸ್ ತೆರೆದು ದಿಟ್ಟಿಸಿದ. ವಿಳಾಸದ ಪಕ್ಕದಲ್ಲೇ ಒಂದು ಸಂಖ್ಯೆ ಕೂತಿತ್ತು: ಎಂಬತ್ತಾರು ಸಾವಿರದ ನಾನೂರು. ಸೆಕೆಂಡುಗಳು. ಅಂದರೆ ಪೂರ್ತಿ ಇಪ್ಪತ್ತನಾಲ್ಕು ಗಂಟೆ. ಒಮ್ಮೆ ವಿಳಾಸ ಕೇಳಿ ಹೋದವರು ಅಷ್ಟು ಹೊತ್ತು ಅದನ್ನೇ ನೆನಪಿಟ್ಟುಕೊಂಡಿರುತ್ತಾರೆ, ಮತ್ತೆ ಕೇಳುವುದಿಲ್ಲ. ಈ ಸಂಖ್ಯೆಯನ್ನು ಎರಡು ದಿನ ಮೊದಲೇ ಇಳಿಸಿಡಬೇಕಿತ್ತು. ಡಯಾಗ್ನೋಸ್ಟಿಕ್ ಸೆಂಟರಿನವರು ಬೆಳಿಗ್ಗೆ ಒಂಬತ್ತಕ್ಕೇ ಅವಳಿಗೆ ಇನ್ನೊಂದು ಮೇಲ್ ಕಳಿಸಿದ್ದರು. ಹಾಗಾಗಿ ಅವರ ನೆನಪಿನಲ್ಲಿ ಇನ್ನೂ ಹಳೇ ಸರ್ವರ್ರೇ ಇತ್ತು. ಅವರ ಮೇಲ್ ಹೋಗಿ ಹೋಗಿ ಅದರ ಬಾಗಿಲು ಬಡಿದು ವಾಪಸಾಗುತ್ತಿತ್ತು. ಆ ಬಾಗಿಲಿನ ಒಳಗೆ ಹಳೇ ಸರ್ವರ್ ಹಾರ ಹಾಕಿಕೊಂಡು ನಿದ್ದೆ ಮಾಡುತ್ತಿತ್ತು.

"ಏನಾಯ್ತು? ಮುಖ ಯಾಕೆ ಹಂಗಾಯ್ತು?"

"ಏನಿಲ್ಲ ಕಣೇ, ಒಂದು ಸಣ್ಣ..."

"ಹತ್ತು ನಿಮಿಷದ್ದಾ?"

ಅವನು ಹೇಳಿದ. ಎಲ್ಲವನ್ನೂ ಹೇಳಿದ. ರೂಪಶ್ರೀ ಬೈಯಲಿಲ್ಲ, ಅದೇ ಅವನಿಗೆ ಹೆದರಿಕೆಯಾದದ್ದು. ಅವಳು ಸೆಂಟರಿನ ನಂಬರ್‌ಗೆ ಆರು ಸಲ ಫೋನ್ ಮಾಡಿದಳು. ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ. ಗುರುಪ್ರಕಾಶ ಮಹಾದೇವಯ್ಯನವರಿಗೆ ಫೋನ್ ಮಾಡಿ ಕೀ ಕೇಳಿದ.

"ಕೀ ಅಮ್ಮನ ಸೊಂಟದಲ್ಲಿದೆ ಕಣಪ್ಪ. ಪೂಜೆ ಆದ್ಮೇಲೆ ಬಾಗಿಲು ತೆಗೆಸೋ ಧೈರ್ಯ ನಂಗಿಲ್ಲ. ಬೇಕಾದ್ರೆ ನೀನೇ ಬಂದು ಕೇಳು. ನಾನು ಹಿಂದಿನ ಕೋಣೇಲಿ ಇರ್ತೀನಿ!" ಎಂದು ನೂರು ಜನಕ್ಕೆ ಸಂಬಳ ಕೊಡುವ ಯಜಮಾನರು ಫೋನ್ ಇಟ್ಟರು.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಸ್ಕೂಟರ್ ಏರಿದರು. ಗುಬ್ಬಿ ರಸ್ತೆಯ ತುಂಬ ಬಾಳೆಕಂದಿನ ಗಾಡಿಗಳು, ಕುಂಬಳಕಾಯಿಯ ಲಾರಿಗಳು. ರೂಪಶ್ರೀ ಹಿಂದೆ ಕೂತು ಫೋನಿನಲ್ಲಿ ಗಂಟೆ ನೋಡುತ್ತಲೇ ಇದ್ದಳು. ಅವಳು ಬೈದಿದ್ದರೆ ದಾರಿ ಇಷ್ಟು ಉದ್ದ ಅನ್ನಿಸುತ್ತಿರಲಿಲ್ಲ.

ಶಿವರುದ್ರಮ್ಮ ಜಗಲಿಯಲ್ಲಿ ಕೂತು ಮಾವಿನ ಸೊಪ್ಪು ಪೋಣಿಸುತ್ತಿದ್ದರು. "ಏನ್ಲಾ ಗುರು, ಈಗ್ ತಾನೇ ಬುಟ್ಟು ಬಂದೆ, ಆಗ್ಲೇ ಹಿಂದೇನೇ ಓಡ್ಬಂದಿದೀಯ?"

"ಅಮ್ಮಾವ್ರೇ, ಅದು... ಹಳೇ ಸರ್ವರ್‌ಗೆ ಒಂಚೂರು ಟೆಕ್ನಿಕಲ್ ಆಗಿ ಟ್ರಾಫಿಕ್ಕು..."

"ಸುಮ್ನಿರ್ರೀ," ಎಂದಳು ರೂಪಶ್ರೀ. "ಅಜ್ಜಿ, ನಾನು ಐದು ವರ್ಷದಿಂದ ದಿನಾ ಕುಣಿಗಲ್‌ಗೆ ಹೋಗಿ ಬರ್ತಿದೀನಿ. ಮಗೂಗೆ ಒಂದು ದಿನ ಜಡೆ ಹಾಕಿ ಸ್ಕೂಲಿಗೆ ಕಳ್ಸಿಲ್ಲ. ಈಗ ಊರಲ್ಲೇ ಕೆಲಸ ಸಿಕ್ಕಿದೆ, ಆರು ಗಂಟೆ ಒಳಗೆ ಹೂಂ ಅನ್ಬೇಕು. ಆ ಕಾಗದ ಹಳೇ ಮೆಷಿನ್‌ಗೆ ಹೋಗ್ತಿದೆ. ಇವರು ಹೊಸ ಅಡ್ರೆಸ್ ಬರೆದ ತಕ್ಷಣ ಹಳೇದನ್ನ ಆಫ್ ಮಾಡ್ಬಿಟ್ಟವ್ರೆ. ಹೊಸ ಅಡ್ರೆಸ್ಸು ಎಲ್ಲರಿಗೂ ಗೊತ್ತಾಗೋಕೆ ನಾಳೆವರೆಗೂ ಬೇಕಂತೆ."

ಅಜ್ಜಿ ಸೊಪ್ಪು ಪಕ್ಕಕ್ಕಿಟ್ಟರು. ಗುರುಪ್ರಕಾಶನನ್ನು ಮೇಲಿಂದ ಕೆಳಗೆ ನೋಡಿದರು.

"ನಾವು ಕುಣಿಗಲ್ ಬುಟ್ಟು ಗುಬ್ಬಿಗ್ ಬಂದಾಗ ಏನ್ ಮಾಡಿದ್ವಿ ಗೊತ್ತೇನ್ಲಾ? ನಮ್ ಯಜಮಾನ್ರುದು ಕೊಬ್ರಿ ವ್ಯಾಪಾರ, ದಿನಾ ಕಾಗ್ದ ಬರೋವು. ಎಂಟ್ ದಿನ ಮುಂಚೇನೇ ಎಲ್ಲಾರ್ಗೂ ಹೇಳಿದ್ವಿ, ಪೋಸ್ಟ್‌ಮ್ಯಾನ್‌ಗೂ ಹೇಳಿದ್ವಿ. ಆಮೇಲೂ ನಮ್ಮತ್ತೇನ ಹದಿನೈದ್ ದಿನ ಹಳೇ ಮನೇಲೇ ಕೂರ್ಸಿದ್ವಿ, ತಪ್ಪಿ ಬಂದ್ ಕಾಗ್ದ ಇಸ್ಕೊಳಕ್ಕೆ. ನೀನು? ಪೋಸ್ಟ್‌ಮ್ಯಾನ್‌ಗೆ ಗೊತ್ತಾಗೋಕ್ ಮುಂಚೇನೇ ಹಳೇ ಮನೆಗೆ ಬೀಗ ಜಡ್ದೆ. ಸಾಲ್ದೂಂತ ನನ್ ಕೈಲಿ ಅದಕ್ಕೆ ಪೂಜೆ ಬೇರೆ ಮಾಡ್ಸ್ದೆ!"

ಗುರುಪ್ರಕಾಶ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದ. ಮೂರು ಆನ್‌ಲೈನ್ ಸರ್ಟಿಫಿಕೇಟುಗಳನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದ್ದ. ಅವುಗಳಲ್ಲಿ ಒಂದು ಇದೇ ವಿಷಯದ್ದು. ಅಜ್ಜಿ ಅದಷ್ಟನ್ನೂ ಮಾವಿನ ಸೊಪ್ಪು ಪೋಣಿಸುತ್ತ ಹೇಳಿ ಮುಗಿಸಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ. ಗುಬ್ಬಿಯ ಭೂಮಿ ಬಾಯಿ ಬಿಡಲಿಲ್ಲ.

"ಪೂಜೆ ಆಗ್ಬುಟ್ಟದಲ್ಲ ಅಮ್ಮಾವ್ರೇ... ಮುಟ್ಟಬೌದಾ?" ಎಂದ, ಸಣ್ಣ ದನಿಯಲ್ಲಿ.

"ದುಡಿದಿರೋ ಮೆಷಿನ್‌ಗೆ ಎರಡ್ ದಿನ ರಜಾ ಇರ್ಲಿ ಅಂತ ಕಣ್ಲಾ ನಾನು ಬೀಗ ಹಾಕೋದು. ಒಂದ್ ಹೆಣ್ಮಗ ಬಸ್ಸಲ್ಲಿ ಅಲೆಯೋದು ತಪ್ತದೆ ಅಂದ್ರೆ ಅದೂ ಇವತ್ತೂ ನಾಳೆ ಓ.ಟಿ. ಮಾಡ್ಲಿ! ಶಿವ ಏನೂ ಅನ್ಕೊಳಲ್ಲ. ವಿಜಯದಶಮಿಗೆ ಒಂದ್ ಕಾಯಿ ಜಾಸ್ತಿ ಒಡೀತೀನಿ." ಸೊಂಟದಿಂದ ಕೀ ತೆಗೆದು ರೂಪಶ್ರೀಯ ಕೈಗೇ ಕೊಟ್ಟರು. "ಇವನ್ ಕೈಗ್ ಕೊಡ್ಬೇಡ ಕಣವ್ವ. ಕೆಲ್ಸ ಆದ್ರೆ ನಂಗೊಂದ್ ಫೋನ್ ಮಾಡು. ನಂಬರ್ ಬರ್ಕೋ. ಇಪ್ಪತ್ ವರ್ಷದಿಂದ ಅದೇ ನಂಬರ್ರು, ನಾನೇನ್ ಬದಲಾಯ್ಸಿಲ್ಲ."

ಅಂತರಸನಹಳ್ಳಿ ತಲುಪಿದಾಗ ಐದು ಹತ್ತು. ವಾಚ್‌ಮನ್ ರಾಮಾಂಜಿನಯ್ಯ ಗೇಟಿನಲ್ಲಿ ಅಡ್ಡ ನಿಂತ. "ಅಜ್ಜಿ ಹಾಕಿರೋ ಬೀಗ ಸಾರ್ ಅದು! ನನ್ ಕೆಲ್ಸ ಹೋಯ್ತದೆ." ರೂಪಶ್ರೀ ಕೀ ಗೊಂಚಲು ಎತ್ತಿ ತೋರಿಸಿದಳು. ಅವನು ಕೀಗೇ ಒಂದು ನಮಸ್ಕಾರ ಹಾಕಿ ಪಕ್ಕಕ್ಕೆ ಸರಿದ.

ಗುರುಪ್ರಕಾಶ ಸರ್ವರ್ ಮುಂದೆ ಮಂಡಿಯೂರಿ ಕೂತು, ನಿಂಬೆಹಣ್ಣನ್ನು ಭಕ್ತಿಯಿಂದ ಸರಿಸಿ, ಸ್ವಿಚ್ ಒತ್ತಿದ. ಹನ್ನೊಂದು ವರ್ಷದ ಫ್ಯಾನ್ ಕೆಮ್ಮಿತು, ಗೊರಗೊರ ಎಂದಿತು, ಆಮೇಲೆ ಒಂದೇ ಉಸಿರಿಗೆ ಅಜ್ಜಿಯ ವಿಭೂತಿ ಕುಂಕುಮವನ್ನೆಲ್ಲ ಅವನ ಮುಖಕ್ಕೆ ಉಗಿಯಿತು! ಒಂದು ಚೆಂಡುಹೂವು ಬಾಯಿಗೇ ಹೋಯಿತು. ರಾಮಾಂಜಿನಯ್ಯ ಈ ಸಲ ಸರ್ವರ್‌ಗೆ ಕೈ ಮುಗಿದನೋ ಗುರುಪ್ರಕಾಶನಿಗೋ ಗೊತ್ತಾಗಲಿಲ್ಲ.

ಮೇಲ್‌ಗಳು ಒಂದೊಂದಾಗಿ ಬೀಳತೊಡಗಿದವು. ಕೊಯಮತ್ತೂರಿನ ವ್ಯಾಪಾರಿಯ ಹಬ್ಬದ ಶುಭಾಶಯ. ಸೋಫಾ ಸೆಟ್ ಮೇಲೆ ರಿಯಾಯಿತಿ. ಇನ್ನೊಂದು ಸೋಫಾ ಸೆಟ್. ಐದು ಇಪ್ಪತ್ತೈದು. ಸೆಂಟರಿನವರ ಸರ್ವರ್ ಮತ್ತೆ ಯಾವಾಗ ಬಾಗಿಲು ಬಡಿಯುತ್ತದೋ ಬಲ್ಲವರಾರು? ಅರ್ಧ ಗಂಟೆಗೊಮ್ಮೆ ಬಡಿಯಬಹುದು, ಒಂದು ಗಂಟೆಗೊಮ್ಮೆಯೂ ಇರಬಹುದು. ಐದು ಮೂವತ್ತೈದು.

"ನಂದೇ ತಪ್ಪು ಕಣೇ," ಎಂದ ಗುರುಪ್ರಕಾಶ, ಮುಖ ಒರೆಸಿಕೊಳ್ಳದೆ. "ನಿನ್ನ ಜಿಮೇಲ್ ಬರಿ ಅಂದಿದ್ರೆ ಆಗಿತ್ತು. ದೊಡ್ಡಸ್ತಿಕೆ ತೋರ್ಸೋಕೆ ಹೋದೆ. ಇದು ಕೈತಪ್ಪಿದ್ರೆ ನಾನು..."

ರೂಪಶ್ರೀ ಅವನನ್ನು ನೋಡಿದಳು. ಹಣೆ, ಮೂಗು, ಮೀಸೆಯೆಲ್ಲ ಕುಂಕುಮ, ಕಣ್ಣಲ್ಲಿ ನೀರು. ಇದೇ ಮನುಷ್ಯ ಐದು ವರ್ಷದಿಂದ ದಿನಾ ಬೆಳಿಗ್ಗೆ ಹಲ್ಲಲ್ಲಿ ರಿಬ್ಬನ್ ಕಚ್ಚಿಕೊಂಡು ಮಗಳ ಜಡೆಯೊಂದಿಗೆ ಹೋರಾಡಿದವನು. ಅವಳಿಗೆ ಕೋಪ ಹುಡುಕಿದರೂ ಸಿಗಲಿಲ್ಲ.

"ಮುಖ ಒರೆಸ್ಕೊಳ್ರೀ ಮೊದ್ಲು," ಎಂದು ಸೆರಗು ಕೊಟ್ಟಳು.

ಐದು ನಲವತ್ತೊಂದಕ್ಕೆ ಬಂತು! ಅವಳೇ ಲಿಂಕ್ ಒತ್ತಿದಳು, ಒಪ್ಪಿಗೆ ಎಂಬಲ್ಲಿ ಗುರುತು ಹಾಕಿದಳು. ರಾಮಾಂಜಿನಯ್ಯ ಕಾರಣ ಗೊತ್ತಿಲ್ಲದೆಯೂ ಚಪ್ಪಾಳೆ ತಟ್ಟಿದ. ಗುರುಪ್ರಕಾಶನಿಗೆ ಹೋದ ಜೀವ ಬಂತು. ಜೀವದ ಬೆನ್ನಿಗೇ ಹಳೇ ಜಂಬವೂ ಬಂತು.

"ನೋಡಿದ್ಯಾ? ನನ್ನ ಸರ್ವರ್ರು! ಲೇಟ್ ಆಗಿರಬೌದು, ಕೈ ಬಿಡಲಿಲ್ಲ!"

ಪರದೆಯ ಮೇಲೆ ಇನ್ನೊಂದು ಫಾರಂ ತೆರೆದುಕೊಂಡಿತ್ತು. ಇಮೇಲ್ ಎಂಬಲ್ಲಿ ಅವಳು ತನ್ನ ಜಿಮೇಲ್ ತುಂಬಿದಳು. ಮುಂದಿನ ಸಾಲಿನಲ್ಲಿ, ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂದಿತ್ತು. ಅವಳು ಅಜ್ಜಿಯ ನಂಬರ್ ಬರೆದುಕೊಂಡಿದ್ದ ಚೀಟಿ ನೋಡಿಕೊಂಡು ಟೈಪ್ ಮಾಡಿದಳು: ಶಿವರುದ್ರಮ್ಮ, ಗುಬ್ಬಿ.

"ಏಯ್, ಅಲ್ಲಿ ಗಂಡನ ಹೆಸರು ಹಾಕಬೇಕು ಕಣೇ!"

"ತುರ್ತು ಅಂತ ಬರೆದವ್ರೆ ಕಣ್ರೀ," ಎಂದಳು ರೂಪಶ್ರೀ, ಕೀಬೋರ್ಡಿನಿಂದ ಕಣ್ಣೆತ್ತದೆ. "ನಿಮಗೆ ಸುದ್ದಿ ಮುಟ್ಟೋಕೆ ಇಪ್ಪತ್ತನಾಲ್ಕು ಗಂಟೆ ಬೇಕಲ್ಲ!"