ಕೊನೆಯ ಸೈಕಲ್ಲು ನಮ್ಮ ಭಾವನದು

ಕೊನೆಗೆ ಬರುವುದರಲ್ಲಿ ನಮ್ಮ ಭಾವನನ್ನು ಸೋಲಿಸಿದವರು ಜಿಗಣಿಯ ಸುತ್ತಮುತ್ತ ಯಾರೂ ಇಲ್ಲ! ಊಟಕ್ಕೆ ಕೊನೇ ಪಂಕ್ತಿ, ಬಸ್ಸಿನಲ್ಲಿ ಕೊನೇ ಸೀಟು, ಕ್ಷೌರದಂಗಡಿಯಲ್ಲಿ ಕೊನೇ ಸರದಿ. ನಮ್ಮ ಅಕ್ಕನನ್ನು ಮದುವೆಯಾದ ದಿನವೂ ಅಷ್ಟೇ, ನೆಂಟರನ್ನೆಲ್ಲ ವ್ಯಾನಿಗೆ ಹತ್ತಿಸಿ, ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮದುಮಗ ಛತ್ರಕ್ಕೆ ಬಂದ! ಅವರನ್ನು ಅನ್ನುವಂತಿಲ್ಲ ಬಿಡಿ. ಕಾರ್ಖಾನೆಯಲ್ಲಿ ಪಾಳಿ ಮುಗಿದ ಮೇಲೆ ಒಳಗೆ ಯಾರೂ ಇಲ್ಲವೆಂದು ನೋಡಿ ಗೇಟಿಗೆ ಬೀಗ ಹಾಕುವುದೇ ಅವರ ಕೆಲಸ. ನಿವೃತ್ತರಾದ ದಿನ ಬೀಗದ ಕೈಯನ್ನು ಒಪ್ಪಿಸಿದರು, ಅಭ್ಯಾಸವನ್ನು ಒಪ್ಪಿಸಲಿಲ್ಲ.

ನಮ್ಮ ಕಡೆ ಆಗ ಒಂದು ಸೈಕಲ್ ಕ್ಲಬ್ಬಿತ್ತು. ಭಾನುವಾರ ಬೆಳಿಗ್ಗೆ ಬಡಾವಣೆಯ ಕಂಪ್ಯೂಟರ್ ಜನ, ಫ್ಯಾಕ್ಟರಿ ಜನ, ಹಾರ್ಡ್‌ವೇರ್ ಅಂಗಡಿಯ ನಾನು, ಎಲ್ಲರೂ ಸೇರಿ ಆನೇಕಲ್ ಕಡೆಯ ರಾಗಿ ಹೊಲಗಳ ನಡುವೆ ಸುತ್ತಾಡಿ ಬರುತ್ತಿದ್ದೆವು. ನಾನೇಕೆ ಸೇರಿದೆ ಅಂತೀರಾ? ಮನೆ ಕಟ್ಟಿಸುವವರೆಲ್ಲ ಅಲ್ಲೇ ಸಿಗುತ್ತಾರೆ, ಏದುಸಿರು ಬಿಡುವ ಗಿರಾಕಿ ಚೌಕಾಸಿ ಮಾಡುವುದಿಲ್ಲ! ವ್ಯಾಪಾರಕ್ಕೆ ಇಳಿಯುವವರು ಇದನ್ನು ನೆನಪಿಡಿ.

ಕ್ಲಬ್ಬಿನಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬರು ಎಲ್ಲರಿಗಿಂತ ಹಿಂದೆ ಬರಬೇಕು. ಸುಸ್ತಾದವರನ್ನು, ಪಂಕ್ಚರ್ ಆದವರನ್ನು ಜೊತೆಗೆ ಕರೆತರಬೇಕು. ಅವರು ಬಂದು ಮುಟ್ಟುವವರೆಗೆ ಉಳಿದವರು ಟೀ ಅಂಗಡಿಯಲ್ಲಿ ಕಾಯಬೇಕು, ಮನೆಗೆ ಹೋಗುವಂತಿಲ್ಲ. ಹಿಂದೆ ಬರಲು ಯಾರಿಗೂ ಮನಸ್ಸಿಲ್ಲ. ಈ ಸುದ್ದಿ ಭಾವನ ಕಿವಿಗೆ ಬಿದ್ದದ್ದೇ ತಡ, ಮುಂದಿನ ಭಾನುವಾರ ಪಂಚೆ ಎತ್ತಿಕಟ್ಟಿ, ಕ್ಯಾರಿಯರ್ ಇರುವ ಹಳೇ ಸೈಕಲ್ಲಿನಲ್ಲಿ ಹಾಜರ್!

ಕ್ಲಬ್ಬು ನಡೆಸುತ್ತಿದ್ದ ಮೇಡಂ ಅನುಮಾನದಿಂದ ಕೇಳಿದರು, "ಅಂಕಲ್, ಎಷ್ಟು ಸ್ಪೀಡಲ್ಲಿ ಹೋಗ್ತೀರಾ?"

"ನಿಮ್ಮಲ್ಲಿ ಎಲ್ರಿಗಿಂತ ನಿಧಾನ ಯಾರವ್ವಾ? ಅವ್ರಿಗಿಂತ ಒಂದ್ ಚೂರು ಕಮ್ಮಿ."

ಕೆಲಸ ಸಿಕ್ಕಿತು!

ಒಂದು ಭಾನುವಾರ ಎಲ್ಲರೂ ಬಂದರೂ ಭಾವ ಬರಲಿಲ್ಲ. ಟೀ ಮುಗಿಯಿತು, ಬಿಸಿಲೇರಿತು, ಮನೆಗಳಿಂದ ಫೋನುಗಳು ಬಂದವು. ಊಟದ ಹೊತ್ತಿಗೆ ಭಾವ ಬೆವರುತ್ತ ಬಂದಿಳಿದರು.

"ಆ ಹಸಿರು ಟೀ ಶರ್ಟಿನ ಮೆಂಬ್ರಿಗೆ ಬಾಳ ಸುಸ್ತು ಕಣೋ. ಮನೆಮನೆ ಮುಂದೂ ನಿಂತ್ಕೊಳ್ಳೋರು!"

ನಮ್ಮ ಕ್ಲಬ್ಬಿನ ಟೀ ಶರ್ಟೂ ಹಸಿರೇ. ನನಗೆ ಹೊಳೆಯಿತು. "ಭಾವ, ಅವನು ಹಾಲಿನವನು! ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿದ್ದು ನೋಡ್ಲಿಲ್ವಾ?"

"ನೋಡ್ದೆ. ನೀರಿನ ಬಾಟ್ಲು ವಸಿ ದೊಡ್ದು ತಂದವ್ರೆ ಅಂದ್ಕಂಡೆ."

ಟೀ ಅಂಗಡಿಯೇ ನಕ್ಕಿತು. ಭಾವ ಮಾತ್ರ ಗಂಭೀರವಾಗಿ ಹೇಳಿದರು, "ಆಲಿನೋನಾದ್ರೇನು, ಅವನ್ ಇಂದೆ ಯಾರೂ ಇರ್ಲಿಲ್ವಲ್ಲ."

ಹಳೇ ಸೈಕಲ್ ತುಳಿದು ಬಳಲುತ್ತಾರೆಂದು ನಾನು ಒಂದು ಗೇರ್ ಸೈಕಲ್ ಹೊಂದಿಸಿದೆ. (ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವವರು ಕೇಳಿ: ಮೊದಲು ಚಕ್ರ ತಿರುಗಿಸಿ, ಆಮೇಲೆ ಮುಖ ಸಿಂಡರಿಸಿ, ಬೆಲೆ ಕೇಳುವುದು ಕೊನೆಗೆ.) ಒಂದೇ ಭಾನುವಾರಕ್ಕೆ ಅದು ನನ್ನ ಅಂಗಡಿ ಬಾಗಿಲಿಗೆ ವಾಪಸ್ಸು!

"ತಡೆದ್ರೂ ಮುಂದಕ್ಕೇ ಓಡ್ತದೆ ಕಣೋ. ಇಂದೆ ಬರೋನಿಗೆ ಇದ್ಯಾಕೆ?"

ಆಮೇಲೆ ಕ್ಲಬ್ಬಿಗೆ ವೇಗದವರು ಸೇರಿದರು. ಯಾರು ಎಲ್ಲಿದ್ದಾರೆಂದು ಫೋನೇ ತೋರಿಸುವಾಗ ಕಾಯುವುದೇಕೆ ಎಂದರು. ಮುಟ್ಟಿದವರು ಮುಟ್ಟಿದಂತೆ ಕಾರಿಗೆ ಸೈಕಲ್ ಕಟ್ಟಿಕೊಂಡು ಹೊರಟರು. ಭಾವ ಬರುವ ಹೊತ್ತಿಗೆ ಬೆಂಚಿನ ಮೇಲೆ ನಾನೊಬ್ಬನೇ. "ಎಲ್ರೂ ಬಂದ್ರಾ?" ಎಂದು ಟೀ ಅಂಗಡಿಯವನನ್ನು ಕೇಳಿ, ಅವನು ತಲೆಯಾಡಿಸಿದ ಮೇಲೆಯೇ ಕೂರುತ್ತಿದ್ದರು. ಸಿಮೆಂಟಿನಿಂದ ಇಡ್ಲಿಯವರೆಗೆ ಎಲ್ಲದರ ದರ ಇಳಿಸಿದವನು ನಾನು. ಟೀ ಮುಗಿಯುವವರೆಗಾದರೂ ಇರಿ ಎಂದು ಆ ಜನರನ್ನು ಒಪ್ಪಿಸಲು ಮಾತ್ರ ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಭಾವನ ಮಂಡಿ ಊದಿಕೊಂಡಿತು. ಸೈಕಲ್ ಮುಟ್ಟಬೇಡಿ ಎಂದರು ಡಾಕ್ಟರು. ಕೇಳುವ ಆಸಾಮಿಯೇ? ಅವರು ಕೊನೆಯದಾಗಿ ಬಂದ ಭಾನುವಾರ ಕೆರೆ ಏರಿಯ ಹತ್ತಿರ ಇಳಿದು, ಕುಂಟುತ್ತ ಸೈಕಲ್ ತಳ್ಳತೊಡಗಿದರು. ನಾನು ಸುಮ್ಮನೆ ಅವರ ಹಿಂದಕ್ಕೆ ಬಂದೆ.

"ಏಯ್, ಮುಂದಕ್ಕೋಗು!"

"ಭಾವ, ನಿಮ್ಮ ಮಂಡಿ..."

"ಇಂದೆ ಒಬ್ಬ ಬಂದ್ರೆ ನಾನು ರೋಗಿ ಕಣೋ. ಯಾರೂ ಇಲ್ದಿದ್ರೆ ಡ್ಯೂಟಿ ಮೇಲಿರೋನು. ಓಗು."

ಹೋದೆ. ಕುಂಟುವವರ ಮುಂದೆ ಇರಬೇಕು, ಆದರೆ ದೂರ ಹೋಗಬಾರದು. ಹಾಗೆ ಸೈಕಲ್ ತುಳಿಯುವುದು ಎಷ್ಟು ಕಷ್ಟ ಗೊತ್ತೇನ್ರೀ? ಕೊನೆಗೆ ನಾನೂ ಇಳಿದು ತಳ್ಳಿದೆ.

"ಯಾಕೋ, ಸುಸ್ತಾಯ್ತಾ?"

"ಹೂಂ ಭಾವ."

"ನಿಧಾನಕ್ಕೋಗು. ನಾನ್ ಇಂದೆ ಇದ್ದೀನಲ್ಲ."

ಈಗ ಕ್ಲಬ್ಬಿಲ್ಲ. ರಾಗಿ ಹೊಲಗಳಲ್ಲಿ ಗೋದಾಮುಗಳೆದ್ದಿವೆ. ಆದರೂ ಭಾನುವಾರ ನಾನೊಬ್ಬನೇ ಒಂದು ಸುತ್ತು ಹೋಗಿ ಬರುತ್ತೇನೆ. ಒಬ್ಬ ಗಿರಾಕಿಯೂ ಸಿಗದ, ಶುದ್ಧ ನಷ್ಟದ ವ್ಯವಹಾರ! ಏನು ಮಾಡಲಿ, ಅಕ್ಕ ಗದರಿಸುತ್ತಾಳೆ: "ಬೇಗ ಬಂದು ಒಂದು ಮಾತು ಹೇಳೋ. ಅಲ್ಲೀತನಕ ತಿಂಡಿಗೆ ಕೂರಲ್ಲ ಅಂತಾರೆ ನಿಮ್ಮ ಭಾವ."

ಭಾವ ಗೇಟಿನ ಬಳಿ ಕೋಲೂರಿ ನಿಂತಿರುತ್ತಾರೆ.

"ಎಲ್ರೂ ಬಂದ್ರೇನೋ?"

"ಬಂದ್ರು ಭಾವ. ಹಿಂದೆ ಯಾರೂ ಇಲ್ಲ."

ಆದರೂ ರಸ್ತೆಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸುತ್ತಾರೆ. ನನ್ನನ್ನು ಒಳಗೆ ಬಿಟ್ಟು, ತಾವು ಕೊನೆಗೆ ಬಂದು, ಚಿಲಕ ಹಾಕುತ್ತಾರೆ.